ಕಿವಿಯ ಹತ್ತಿರ ಹಿಡಿದು ಓದುವ ಅಕ್ಷರ

ದೂರದ ಎರಡು ದೇಶಗಳ ನಡುವೆ ಸರಕು ಹೋಗಿ ಬರಬೇಕಾದರೆ ಹಡಗು ಬೇಕು, ಬಂದರು ಬೇಕು, ಎರಡೂ ಕಡೆಯ ಮಂತ್ರಿಗಳು ಕೈಕುಲುಕಿ ನಗುವ ಫೋಟೋ ಬೇಕು ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಪಿಂಗಾಣಿ ಕಂಪನಿಯ ರವಾನೆ ವಿಭಾಗದಲ್ಲಿ ನಲವತ್ತು ವರ್ಷ ಗುಮಾಸ್ತನಾಗಿ ಕೂತು ಮೂರು ಬೆತ್ತದ ಕುರ್ಚಿಗಳನ್ನು ತೂತು ಮಾಡಿದವನು ನಾನು. ನನಗೆ ಗೊತ್ತಿರುವುದನ್ನು ನಾನು ಹೇಳಲೇಬೇಕು. ನಮ್ಮ ದೇಶಕ್ಕೂ ಆ ದೇಶಕ್ಕೂ ನಡುವಿನ ವ್ಯಾಪಾರ ನಿಂತಿದ್ದದ್ದು ನನ್ನ ಭಾವನ ಕುಂಚದ ತುದಿಯ ಮೇಲೆ. ಇನ್ನೂ ನಿಖರವಾಗಿ ಹೇಳುವುದಾದರೆ, ಒಂದು ಸೊಳ್ಳೆಯ ಕಾಲಿನ ಮೇಲೆ.

ನಮ್ಮಿಂದ ಅಲ್ಲಿಗೆ ಹೋಗುತ್ತಿದ್ದದ್ದು ಕಪ್ಪು-ಬಸಿ. ಅಲ್ಲಿಂದ ಇಲ್ಲಿಗೆ ಬರುತ್ತಿದ್ದದ್ದು ಹೊಲಿಗೆ ಯಂತ್ರ. ಅವರು ನಮ್ಮ ಕಪ್ಪಿನಲ್ಲಿ ಕುಡಿಯುತ್ತಿದ್ದರು, ನಾವು ಅವರ ಯಂತ್ರದಲ್ಲಿ ಹರಕಲು ಹೊಲಿದುಕೊಳ್ಳುತ್ತಿದ್ದೆವು. ಹಡಗಿಗೆ ನಲವತ್ತೆರಡು ದಿನದ ದಾರಿ. ಇಲ್ಲಿ ಹುಟ್ಟಿದ ಸೂರ್ಯ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಹಳಸಿರುತ್ತಾನೆ ಎಂದು ನಮ್ಮ ಹಮಾಲರು ನಂಬಿದ್ದರು. ಆ ದೇಶವನ್ನು ಕಣ್ಣಾರೆ ಕಂಡವರು ಗೋದಾಮಿನಲ್ಲಿ ಒಬ್ಬರೂ ಇರಲಿಲ್ಲ.

ಭಾವನ ಕೆಲಸ ಮರದ ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುವುದು. ಪ್ರತಿ ಪೆಟ್ಟಿಗೆಯ ಎರಡು ಬದಿಗೂ ಮೂರು ಮೂರು ಸಾಲು, ಎಲ್ಲವೂ ಆ ದೇಶದ ಅಕ್ಷರದಲ್ಲಿ: ಖರೀದಿದಾರರ ಹೆಸರು, ಅವರ ಬಂದರು, ಕೊನೆಗೆ ‘ಒಡೆಯುವ ಸಾಮಾನು, ಜೋಪಾನ’. ಭಾವ ಓದಿದ್ದು ಎರಡನೇ ಕ್ಲಾಸು. ನಮ್ಮ ಅಕ್ಷರವನ್ನೇ ಅವರು ಬತ್ತದ ರಾಶಿಯಿಂದ ಕಲ್ಲು ಆರಿಸುವ ಹಾಗೆ ಒಂದೊಂದಾಗಿ ಹೆಕ್ಕಿ ಓದುತ್ತಿದ್ದರು. ಆ ದೇಶದ ಅಕ್ಷರದ ತಲೆ ಯಾವುದು ಬಾಲ ಯಾವುದು ಎಂದು ಅವರಿಗೆ ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವ ಕೈ ಅದು. ಅವರು ಎಳೆದ ಗೆರೆ ಎಷ್ಟು ನೇರವಾಗಿರುತ್ತಿತ್ತೆಂದರೆ, ಗೋಡೆ ಕಟ್ಟುವವರು ತಮ್ಮ ತೂಗುಗುಂಡು ಸರಿಯಾಗಿದೆಯೋ ಇಲ್ಲವೋ ನೋಡಿಕೊಳ್ಳಲು ನಮ್ಮ ಗೋದಾಮಿಗೆ ಬರುತ್ತಿದ್ದರು. ಕೆಲಸಗಾರರೆಲ್ಲ ಅವರನ್ನು ಅಕ್ಷರಪ್ಪ ಎಂದೇ ಕರೆಯುತ್ತಿದ್ದರು. ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಆಗ ಅವರೇ ಒಮ್ಮೊಮ್ಮೆ ತಿರುಗಿ ನೋಡುತ್ತಿರಲಿಲ್ಲ.

ನನ್ನ ಅಕ್ಕನಿಗೂ ಅಲ್ಲೇ ಕೆಲಸ. ಒಣಹುಲ್ಲು ಹಾಸಿ ಕಪ್ಪುಗಳನ್ನು ಪೆಟ್ಟಿಗೆಗೆ ತುಂಬುವವಳು ಅವಳು. ಅಕ್ಕ ತುಂಬಿದ ಪೆಟ್ಟಿಗೆಯನ್ನು ಮೂರನೇ ಮಹಡಿಯಿಂದ ಬಿಸಾಕಿದರೆ ಬೀದಿಗೆ ಪೆಟ್ಟಾದೀತೇ ಹೊರತು ಕಪ್ಪಿಗಲ್ಲ. ಒಳಗಿನದು ಹೆಂಡತಿಯದು, ಹೊರಗಿನದು ಗಂಡನದು. ಸಂಸಾರವೂ ಹಾಗೇ ನಡೆಯುತ್ತಿತ್ತು. ಮನೆಯೊಳಗಿನ ಮಾತೆಲ್ಲ ಅಕ್ಕನದು. ಭಾವನದು ಬಾಗಿಲ ಹೊರಗೆ ಬೀಡಿ ಸೇದಿಕೊಂಡು ಆ ಮಾತಿಗೆ ತಲೆದೂಗುವ ಕೆಲಸ. ಅವರ ಬಾಯಿಂದ ಬರುತ್ತಿದ್ದ ಹೆಮ್ಮೆಯ ಮಾತು ಒಂದೇ ಒಂದು, ಅದೂ ವರ್ಷಕ್ಕೆ ಎರಡು ಸಲ: “ನನ್ನ ಕೈಯಿಂದ ಇವತ್ತಿನವರೆಗೂ ಒಂದು ಅಕ್ಷರ ತಪ್ಪು ಹೋಗಿಲ್ಲ.”

ಈಗ ಸೊಳ್ಳೆಯ ವಿಷಯ.

ಆ ದೇಶದ ಖರೀದಿದಾರರು ಮೊದಲ ಸಲ ವಿಳಾಸದ ಮಾದರಿ ಕಳಿಸಿದ್ದು ಒಂದು ತೆಳು ಕಾಗದದಲ್ಲಿ. ಭಾವ ಅದನ್ನು ಒಂದು ಹಲಗೆಗೆ ಅಂಟಿಸಿ, ಕೊಳೆಯಾಗದಿರಲೆಂದು ಸಂಜೆ ಹೊತ್ತು ಮೇಲೊಂದು ಪದರ ವಾರ್ನಿಷ್ ಬಳಿದು, ಕಿಟಕಿಯ ಪಕ್ಕ ಒಣಗಲಿಟ್ಟು ಮನೆಗೆ ಹೋದರು. ಬೆಳಿಗ್ಗೆ ಬಂದು ನೋಡಿದರೆ ಹಲಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕುಂಚ ಅದ್ದಿದರು, ಬರೆಯಲು ಶುರು ಮಾಡಿದರು. ಮೂರನೇ ಸಾಲಿನ ಕೊನೆಯಲ್ಲಿದ್ದ ಅಕ್ಷರ ಸ್ವಲ್ಪ ಕಷ್ಟದ್ದು. ಎರಡು ರೆಕ್ಕೆಯಂಥ ಗೆರೆ, ಮುಂದೆ ಒಂದು ಚೂಪಾದ ಕೊಕ್ಕು, ಕೆಳಗೆ ಕೂದಲೆಳೆಯಂಥ ಆರು ಕೊಂಬು. ಆ ಒಂದು ಅಕ್ಷರಕ್ಕಾಗಿ ಭಾವ ಕುದುರೆ ಬಾಲದ ಮೂರೇ ಮೂರು ಕೂದಲು ಕಟ್ಟಿ ಬೇರೆ ಕುಂಚ ಮಾಡಿಕೊಂಡರು.

ವಾರ್ನಿಷ್ ಹಸಿಯಾಗಿದ್ದಾಗ ಬಂದು ಕೂತು ಸಿಕ್ಕಿಹಾಕಿಕೊಂಡ ಸೊಳ್ಳೆ ಅದು. ನಮಗೆ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಆ ದೇಶದ ಅಕ್ಷರಗಳನ್ನು ನೋಡಿದರೆ ಎಲ್ಲವೂ ಸೊಳ್ಳೆಗಳೇ. ಅದರಲ್ಲಿ ನಿಜವಾದದ್ದು ಯಾವುದೆಂದು ಹೇಳಲು ಇನ್ನೊಂದು ಸೊಳ್ಳೆಯೇ ಬರಬೇಕಿತ್ತು. ಹೀಗೆ ಹತ್ತೊಂಬತ್ತು ವರ್ಷ, ನಾಲ್ಕೈದು ತಿಂಗಳಿಗೊಂದು ಹಡಗಿನಂತೆ, ಪ್ರತಿ ಪೆಟ್ಟಿಗೆಯ ಮೇಲೂ ಎರಡೆರಡು ಸೊಳ್ಳೆ ಆ ದೇಶಕ್ಕೆ ಹೋದವು. ಅಷ್ಟನ್ನೂ ಒಂದೇ ದಿನ ಹಾರಲು ಬಿಟ್ಟಿದ್ದರೆ ಹಡಗನ್ನೇ ಎತ್ತಿಕೊಂಡು ಹೋಗಿಬಿಡುತ್ತಿದ್ದವು.

ಇಲ್ಲಿ ನನ್ನದೂ ಒಂದು ಹುಳುಕು ಹೇಳಿಬಿಡಬೇಕು. ಅವರು ತಮ್ಮ ವಿಳಾಸದ ಮಾದರಿ ಕಳಿಸಿದ ಹಾಗೆ, ನಮ್ಮದನ್ನು ಅವರಿಗೆ ಕಳಿಸಿದವನು ನಾನು. ನಮ್ಮ ಅಕ್ಷರದಲ್ಲಿ ಕಂಪನಿಯ ಹೆಸರು, ಊರು ಬರೆದು, ಅಭ್ಯಾಸಬಲದಿಂದ ಕೆಳಗೆ ‘ದಪ್ಪಕ್ಷರದಲ್ಲಿ ಬರೆಯಿರಿ’ ಎಂದೂ ಗೀಚಿದ್ದೆ. ಆ ಕಡೆಯೂ ಒಬ್ಬ ಅಕ್ಷರಪ್ಪ ಇದ್ದ. ಅವನಿಗೂ ನಮ್ಮ ಅಕ್ಷರ ಬಾರದು. ಅವನೂ ಕಂಡದ್ದನ್ನು ಕಂಡ ಹಾಗೆ ಬರೆಯುವವನು. ಮೊದಲ ಹಡಗಿನಲ್ಲಿ ಬಂದ ಹೊಲಿಗೆ ಯಂತ್ರದ ಪೆಟ್ಟಿಗೆಗಳ ಮೇಲೆ ನಮ್ಮ ವಿಳಾಸದ ಕೆಳಗೆ ಗೇಣುದ್ದದ ಅಕ್ಷರದಲ್ಲಿ ‘ದಪ್ಪಕ್ಷರದಲ್ಲಿ ಬರೆಯಿರಿ’ ಎಂದು ಬರೆದಿತ್ತು. ಹಳೆಯ ಮೇನೇಜರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, ಪರದೇಶದವರ ಮರ್ಯಾದೆ ಹೀಗೇ ಇರಬಹುದೆಂದು ಸುಮ್ಮನಾದರು. ನಾನಂತೂ ಉಸಿರೆತ್ತಲಿಲ್ಲ. ಆರು ತಿಂಗಳಲ್ಲಿ ಊರಿನ ದರ್ಜಿಗಳೆಲ್ಲ ಅಂಗಡಿಗೆ ಹೋಗಿ ‘ದಪ್ಪಕ್ಷರ ಮಷಿನ್ನೇ ಕೊಡಿ, ಬೇರೆ ಬೇಡ’ ಎಂದು ಹಟ ಹಿಡಿಯತೊಡಗಿದರು.

ಆ ಕಡೆಯ ಬರಹಗಾರನನ್ನು ಭಾವ ಪೆಟ್ಟಿಗೆಗಳಿಂದಲೇ ಬಲ್ಲವರಾಗಿದ್ದರು. ಹಡಗು ಬಂದ ದಿನ ಊಟ ಬಿಟ್ಟು, ಇಳಿಸಿದ ಪೆಟ್ಟಿಗೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಅವನು ಎಡಗೈಯವನು ಎಂದು ಮೊದಲ ವರ್ಷವೇ ಹೇಳಿದರು, ಗೆರೆಯ ಮಸಿ ಬಲದಿಂದ ಎಡಕ್ಕೆ ತೆಳುವಾಗುತ್ತಾ ಹೋಗುತ್ತದಂತೆ. ಒಂದು ವರ್ಷ ಅಕ್ಷರ ನಡುಗಿದ್ದನ್ನು ಕಂಡು, ಪಾಪ ಮನುಷ್ಯನಿಗೆ ಜ್ವರ ಬಂದಿರಬೇಕು ಎಂದು ಸಂಜೆಯವರೆಗೂ ಮಂಕಾಗಿದ್ದರು. ಮುಂದಿನ ಹಡಗಿನಲ್ಲಿ ಗೆರೆ ಗಟ್ಟಿಯಾಗಿತ್ತು. ಅವತ್ತು ಮನೆಗೆ ಬಂದವರೇ ಅಕ್ಕನಿಗೆ, “ಅವನು ಎದ್ದು ಓಡಾಡ್ತಿದಾನೆ ಕಣೇ” ಎಂದರಂತೆ. ಯಾರು ಎಂದು ಅಕ್ಕ ಕೇಳಲಿಲ್ಲ. ನೆಂಟರ ವಿಷಯವೆಂಬಂತೆ ದೊಡ್ಡ ನಿಟ್ಟುಸಿರು ಬಿಟ್ಟಳು.

ಹೀಗಿರುವಾಗ ಹೊಸ ಮೇನೇಜರು ಬಂದರು. ಒಳ್ಳೆಯ ಮನುಷ್ಯ. ಆದರೆ ಆ ದೇಶದಲ್ಲಿ ಮೂರು ವರ್ಷ ಇದ್ದು ಅಲ್ಲಿನ ಭಾಷೆಯನ್ನು ಅರೆದು ಕುಡಿದಿದ್ದರು. ತಿಳಿದವರಿಂದಲೇ ಅಲ್ಲವೇ ತೊಂದರೆ? ಮೊದಲ ದಿನವೇ ಗೋದಾಮು ಸುತ್ತುತ್ತಾ ಒಂದು ಪೆಟ್ಟಿಗೆಯ ಮುಂದೆ ನಿಂತು ಮೊದಲ ಸಾಲು ಓದಿದರು, ಎರಡನೆಯದು ಓದಿದರು, ಮೂರನೆಯದರ ಕೊನೆಗೆ ಬಂದು ಗಂಟಲಲ್ಲಿ ಮುಳ್ಳು ಸಿಕ್ಕವರಂತೆ ತಡವರಿಸಿದರು. ಇದು ಯಾವ ಅಕ್ಷರ ಎಂದು ಕೇಳಿದರು. ಮಾದರಿ ಹಲಗೆಯಲ್ಲಿ ಇರುವುದೇ ಅದು ಎಂದು ಭಾವ ಹಲಗೆ ತಂದು ತೋರಿಸಿದರು. ಮೇನೇಜರು ಅದನ್ನು ಬೆಳಕಿಗೆ ಹಿಡಿದು ಉಗುರಿನಿಂದ ಮೆಲ್ಲಗೆ ಕೆರೆದರು. ವಾರ್ನಿಷ್ ಹಕ್ಕಳೆಯ ಜೊತೆ ಒಂದು ರೆಕ್ಕೆ ಎದ್ದು ಅವರ ಉಗುರಿಗೆ ಅಂಟಿಕೊಂಡಿತು.

ಅರವತ್ತು ಜನರ ಗೋದಾಮು. ನಗು ಹುಲ್ಲಿನ ಬಣವೆಗೆ ಬೆಂಕಿ ಬಿದ್ದ ಹಾಗೆ ಹಬ್ಬಿತು. ಮೊಳೆ ಹೊಡೆಯುವವನಂತೂ ನಕ್ಕು ನಕ್ಕು ಸುತ್ತಿಗೆಯನ್ನು ತನ್ನ ಕಾಲಿನ ಮೇಲೆಯೇ ಬಿಟ್ಟುಕೊಂಡ. ಭಾವ ಕುಂಚವನ್ನು ಬಟ್ಟೆಯಿಂದ ಒರೆಸಿದರು. ಒರೆಸಿದ್ದನ್ನೇ ಒರೆಸುತ್ತಾ ನಿಂತರು. ‘ನಮ್ಮ ದಪ್ಪಕ್ಷರದ ಕಥೆಯೂ ಇದೇ ಸ್ವಾಮಿ, ಅದು ನನ್ನ ತಪ್ಪು’ ಎಂದು ನಾನು ಒಂದು ಮಾತು ಹೇಳಿದ್ದರೆ ಆ ನಗುವಿನಲ್ಲಿ ಅರ್ಧ ನನ್ನ ತಲೆಗೆ ಬೀಳುತ್ತಿತ್ತು, ಅವರ ತಲೆಯ ಭಾರ ಅಷ್ಟು ಕಡಿಮೆಯಾಗುತ್ತಿತ್ತು. ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅದಕ್ಕೂ ಯಾರೋ ವಾರ್ನಿಷ್ ಬಳಿದ ಹಾಗಿತ್ತು.

ಮರುದಿನ ತಗಡಿನ ಅಚ್ಚು ಬಂತು. ತಪ್ಪಿಲ್ಲದ ಅಕ್ಷರ ಕೊರೆದ ತಗಡು. ಪೆಟ್ಟಿಗೆಯ ಮೇಲಿಟ್ಟು ಮಸಿ ಒತ್ತಿದರೆ ಮುಗಿಯಿತು, ಯಾರು ಬೇಕಾದರೂ ಒತ್ತಬಹುದು. ಒತ್ತುವ ಕೆಲಸ ಮೊಳೆ ಹೊಡೆಯುವವನಿಗೇ ಹೋಯಿತು. ಭಾವನನ್ನು ಹುಲ್ಲು ಹೊರುವ ಕಡೆ ಹಾಕಿದರು.

ಗೋದಾಮಿನ ಹಿಂದಿನ ಬೀದಿಯಲ್ಲಿ, ಹಗ್ಗ ಹೊಸೆಯುವವನ ಮನೆಯ ಮಾಳಿಗೆಯಲ್ಲಿ ಅವರಿಗೆ ಎರಡು ಕೋಣೆ. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಸೀಸೆಯೊಂದರಲ್ಲಿ ಕುಂಚಗಳು ಯಾವಾಗಲೂ ತಲೆ ಮೇಲೆ ಮಾಡಿ ನಿಂತಿರುತ್ತಿದ್ದವು. ಆ ವಾರ ನಾನು ಹೋದಾಗ ಕುಂಚಗಳೆಲ್ಲ ಮೂಲೆಯಲ್ಲಿ, ಹಳೆಯ ಚೀಲದೊಳಗೆ ಹೋಗಿದ್ದವು. ಸೀಸೆಯಲ್ಲಿ ಅಕ್ಕ ಸಾಸಿವೆ ಹಾಕಿಟ್ಟಿದ್ದಳು. ಭಾವ ಗೋಡೆಗೆ ಮುಖ ಮಾಡಿ ಕೂತಿದ್ದರು.

“ಒಂದು ಅಕ್ಷರ ತಪ್ಪಿಲ್ಲ ಅಂತಿದ್ದೆ. ಹತ್ತೊಂಬತ್ತು ವರ್ಷ ಊರಿಗೆಲ್ಲ ಹೇಳ್ಕೊಂಡು ತಿರುಗಿದೆ,” ಎಂದರು, ಗೋಡೆಗೇ.

ಅಕ್ಕ ಸಾಸಿವೆ ಸೀಸೆಯನ್ನು ಠಕ್ಕೆಂದು ಇಟ್ಟಳು. “ತಪ್ಪೇನಿದೆ ಇದರಲ್ಲಿ? ಸೊಳ್ಳೆ ಕೂತಿತ್ತು, ಸೊಳ್ಳೆ ಬರೆದ್ರಿ. ಆನೆ ಕೂತಿದ್ರೆ ಆನೆ ಬರೀತಿದ್ರಿ. ಕೂತಿದ್ದನ್ನ ಬಿಟ್ಟು ಬರೆದಿದ್ರೆ ತಪ್ಪು.” ನನ್ನ ಕಡೆ ತಿರುಗಿ, “ನೀನೇನೋ ಬಾಯಿಗೆ ಕಡುಬು ತುರುಕಿದೋನ ಹಾಗೆ ನಿಂತಿದೀಯ? ಓದಿದೋನು ನೀನು, ಹೇಳು ನಿನ್ನ ಭಾವಂಗೆ.”

ಓದಿದವನು ಮೆಟ್ಟಿಲಿಳಿದು ಮನೆಗೆ ಹೋದ.

ಅಚ್ಚು ಒತ್ತಿದ ಇನ್ನೂರ ನಲವತ್ತು ಪೆಟ್ಟಿಗೆ ಹೊತ್ತು ಹಡಗು ಹೊರಟಿತು. ನಲವತ್ತೆರಡು ದಿನ ಕಳೆದು ನಾಲ್ಕನೇ ದಿನಕ್ಕೆ ತಂತಿ ಬಂತು: ಗುರುತು ಹೊಂದುತ್ತಿಲ್ಲ, ಸರಕು ನಿಮ್ಮದೆಂದು ಒಪ್ಪಲಾಗದು, ಪೆಟ್ಟಿಗೆಗಳು ಬಂದರಿನ ಧಕ್ಕೆಯ ಮೇಲೆಯೇ ಇವೆ. ಮೇನೇಜರು ಕಾಗದಪತ್ರದ ನಕಲುಗಳನ್ನೆಲ್ಲ ವಿಮಾನದ ಟಪಾಲಿನಲ್ಲಿ ಕಳಿಸಿದರು. ಅದಕ್ಕೆ ಬಂದ ಉತ್ತರವನ್ನು ಅವರೇ ನನಗೆ ಓದಿ ಹೇಳಿದರು, ಹೇಳುವಾಗ ಮುಖ ಸುಟ್ಟ ಬದನೆಕಾಯಿಯ ಹಾಗಿತ್ತು. ಅವರು ಬರೆದದ್ದು ಇಷ್ಟು: ಕಾಗದ ಯಾರು ಬೇಕಾದರೂ ಮಾಡಿಸಬಹುದು. ಹೋದ ವರ್ಷ ಯಾರೋ ನಿಮ್ಮ ಹೆಸರಿನಲ್ಲಿ ಸೀಳು ಬಿಟ್ಟ ಕಪ್ಪು ಕಳಿಸಿದ್ದರು, ಅಕ್ಷರ ಮಾತ್ರ ಬಲು ಶುದ್ಧವಾಗಿತ್ತು. ನಮ್ಮ ಪೆಟ್ಟಿಗೆ ಬರೆಯುವವನು ಅದರಲ್ಲಿ ಕೊನೆಯ ಗುರುತು ಇಲ್ಲದ್ದನ್ನು ನೋಡಿ ಕಳ್ಳಸರಕು ಎಂದು ಹಿಡಿದ. ಈಗ ಬಂದದ್ದರಲ್ಲೂ ಆ ಗುರುತಿಲ್ಲ. ‘ಇದು ಅವನ ಕೈಯಲ್ಲ’ ಎನ್ನುತ್ತಾನೆ. ಗುರುತು ಹಾಕಿದ ಒಂದು ಪೆಟ್ಟಿಗೆ ಬರಲಿ, ಅವನು ನೋಡಿ ಹೌದೆಂದರೆ ಎಲ್ಲವನ್ನೂ ತೆಗೆದುಕೊಳ್ಳುತ್ತೇವೆ. ಇಲ್ಲವೆಂದರೆ ನಮ್ಮ ನಿಮ್ಮ ವ್ಯಾಪಾರ ಇಲ್ಲಿಗೆ ಸಾಕು. ಅಂದ ಹಾಗೆ, ನಮ್ಮ ಅಂಗಡಿಗಳಲ್ಲಿ ಜನ ನಿಮ್ಮ ಕಪ್ಪನ್ನು ಸೊಳ್ಳೆ ಕಪ್ಪು ಎಂದೇ ಕೇಳುತ್ತಾರೆ.

ಕಪ್ಪು ಕೊಳ್ಳುವ ಬೇರೆ ದೇಶ ನಮಗೆ ಇರಲಿಲ್ಲ. ಅವರು ಸಾಕೆಂದರೆ ಅರವತ್ತು ಮನೆಯ ಒಲೆ ಆರಿದ ಹಾಗೆಯೇ.

ಮೇನೇಜರು ಹುಲ್ಲಿನ ರಾಶಿಯ ಹತ್ತಿರಕ್ಕೆ ತಾವೇ ನಡೆದು ಬಂದರು. ಭಾವನ ತಲೆಯ ತುಂಬ ಹುಲ್ಲಿನ ಎಸಳು. ಅರವತ್ತು ಜನ ಅವತ್ತು ನಕ್ಕವರೇ, ಇವತ್ತು ಉಸಿರು ಬಿಗಿಹಿಡಿದು ನಿಂತಿದ್ದರು. ಸಂಗತಿ ಹೇಳಿ, ಆ ಗುರುತನ್ನು ಮತ್ತೆ ಬರೆದುಕೊಡಬೇಕು ಎಂದು ಮೇನೇಜರು ಕೇಳಿದರು.

“ಗುರುತಲ್ಲ ಸ್ವಾಮಿ,” ಎಂದರು ಭಾವ. “ಅಕ್ಷರ ಅಂತ ರಿಜಿಸ್ಟರಲ್ಲಿ ಬರೀರಿ. ಬರೀತೀನಿ.”

ಮೇನೇಜರು ಗುರುತುಗಳ ರಿಜಿಸ್ಟರು ತರಿಸಿ ಬಿಡಿಸಿದರು. ಅವರು ಶಿಸ್ತಿನ ಮನುಷ್ಯ. ಅಕ್ಷರವೆಂದರೆ ಅದಕ್ಕೊಂದು ಉಚ್ಚಾರಣೆ ಇರಬೇಕು, ಆ ಅಂಕಣ ಖಾಲಿ ಬಿಡುವಂತಿಲ್ಲ. “ಇದನ್ನ ಓದೋದು ಹೇಗೆ?” ಎಂದು ಕೇಳಿದರು, ನಿಜವಾಗಿಯೂ ತಿಳಿಯದೆ.

ಭಾವ ತಲೆಯ ಮೇಲಿನ ಹುಲ್ಲು ಕೊಡವಿಕೊಂಡರು. “ಕಿವಿ ಹತ್ರ ಹಿಡಿದು ಓದಬೇಕು ಸ್ವಾಮಿ.”

ಈ ಸಲ ಗೋದಾಮು ನಕ್ಕಿತು ನೋಡಿ, ಚಾವಣಿಯ ಹೆಂಚು ಎರಡು ಜಾರಿದವು. ಇದು ಬೇರೆ ನಗು. ಮೇನೇಜರೂ ನಕ್ಕರು. ಆ ನಗುವಿನ ನಡುವೆ ನನ್ನ ನಾಲಗೆಯ ವಾರ್ನಿಷ್ ಬಿಟ್ಟಿತು. ದಪ್ಪಕ್ಷರದ ತಪ್ಪು ನನ್ನದು, ಹತ್ತೊಂಬತ್ತು ವರ್ಷದಿಂದ ಮುಚ್ಚಿಟ್ಟಿದ್ದೇನೆ ಎಂದು ಎಲ್ಲರೆದುರು ಹೇಳಿಬಿಟ್ಟೆ. ಭಾವ ನನ್ನ ಕಡೆ ನೋಡಿದರು.

“ಗೊತ್ತಿತ್ತು ಕಣೋ ಬಾಮೈದ. ನಮ್ಮ ಅಕ್ಷರ ಅಷ್ಟೂ ಬರಲ್ವಾ ನಂಗೆ? ಮೊದಲನೇ ಹಡಗಲ್ಲೇ ಕೂಡಿಸ್ಕೊಂಡು ಓದಿದೆ. ಒಂದು ಮಧ್ಯಾಹ್ನ ಹಿಡೀತು.”

“ಮತ್ಯಾಕೆ ಭಾವ ಹೇಳ್ಲಿಲ್ಲ ನೀವು?”

“ಮನೆ ಹುಡುಗನ ತಪ್ಪನ್ನ ಗೋದಾಮಲ್ಲಿ ಕೂಗ್ತಾರೇನೋ?”

ನನಗೆ ಆಗ ಮೂವತ್ತೊಂಬತ್ತು ವಯಸ್ಸು. ಹುಲ್ಲಿನ ರಾಶಿಯೊಳಗೆ ಹೊಕ್ಕು ಮುಚ್ಚಿಕೊಳ್ಳಬೇಕು ಅನ್ನಿಸಿತು. ಅಕ್ಕ ಮಾತ್ರ ದೂರದಿಂದ, ಕಪ್ಪಿಗೆ ಹುಲ್ಲು ಸುತ್ತುತ್ತಾ, ಗಂಡನನ್ನು ನೋಡುತ್ತಿದ್ದಳು. ಅರವತ್ತು ಜನಕ್ಕೂ ಆಗಿ ಮಿಗುವಷ್ಟು ಹೆಮ್ಮೆ ಆ ಮುಖದಲ್ಲಿತ್ತು. ಮಿಕ್ಕದ್ದನ್ನು ಹುಲ್ಲಿನ ಜೊತೆ ಪೆಟ್ಟಿಗೆಗೂ ತುಂಬಿದ್ದಾಳು.

ಹಲಗೆಯ ಸೊಳ್ಳೆಗೆ ಈಗ ಒಂದೇ ರೆಕ್ಕೆ. ಭಾವ ಹಲಗೆಯನ್ನು ಕೇಳಲೇ ಇಲ್ಲ. ಮನೆಯಿಂದ ಮೂರು ಕೂದಲಿನ ಕುಂಚ ತಂದು, ಪೆಟ್ಟಿಗೆಯ ಮುಂದೆ ಕೂತು, ಮೂರು ಸಾಲು ಬರೆದು, ಕೊನೆಯಲ್ಲಿ ಉಸಿರು ನಿಲ್ಲಿಸಿ ಸೊಳ್ಳೆಯನ್ನು ಇಳಿಸಿದರು. ಮೇನೇಜರು ಹಳೆಯ ಪೆಟ್ಟಿಗೆಯ ಒಂದು ಹಲಗೆ ತಂದು ಅಳತೆಪಟ್ಟಿ ಹಿಡಿದು ಆರೂ ಕಾಲು ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಳತೆಪಟ್ಟಿಯೇ ಸ್ವಲ್ಪ ಡೊಂಕಾಗಿದೆ ಎಂದು ಆಮೇಲೆ ಗೊತ್ತಾಯಿತು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಒಂದು ಪೆಟ್ಟಿಗೆಗಾಗಿ ಒಂದು ಹಡಗು. ನಲವತ್ತೆರಡು ದಿನ ಗೋದಾಮಿನಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮಲಿಲ್ಲ. ಮೊಳೆ ಹೊಡೆಯುವವನು ಮೊಳೆಗೆ ನೋವಾದೀತೆಂಬ ಹಾಗೆ ಹೊಡೆಯುತ್ತಿದ್ದ. ನಲವತ್ತಮೂರನೇ ದಿನ ತಂತಿ ಬಂತು: ‘ಅವನ ಕೈಯೇ. ಇನ್ನೂರ ನಲವತ್ತೂ ತೆರೆದೆವು. ಒಂದು ಕಪ್ಪೂ ಒಡೆದಿಲ್ಲ.’ ಮೇನೇಜರು ಅದನ್ನು ಗೋದಾಮಿನ ನಡುವೆ ನಿಂತು ಎರಡು ಸಲ ಓದಿದರು. ಎರಡನೇ ಸಲ ಓದುವಾಗ ಕೊನೆಯ ಮಾತಿಗೆ ಬಂದು ಅಕ್ಕನ ಕಡೆ ತಲೆ ಬಾಗಿಸಿದರು.

ಮತ್ತೆ ನಲವತ್ತೆರಡು ದಿನ ಕಳೆದು ಆ ದೇಶದಿಂದ ಹೊಲಿಗೆ ಯಂತ್ರದ ಹಡಗು ಬಂತು. ಭಾವ ಎಂದಿನಂತೆ ಊಟ ಬಿಟ್ಟು ಹೋಗಿ ಕೂತರು. ನಮ್ಮ ಕಂಪನಿಯ ಹೆಸರು, ನಮ್ಮ ಊರು, ಕೆಳಗೆ ನನ್ನ ‘ದಪ್ಪಕ್ಷರದಲ್ಲಿ ಬರೆಯಿರಿ’. ಅದರ ಪಕ್ಕದಲ್ಲಿ, ಹಿಂದೆಂದೂ ಇರದಿದ್ದದ್ದು, ಒಂದು ಸೊಳ್ಳೆ. ಪ್ರತಿ ಪೆಟ್ಟಿಗೆಯ ಮೇಲೂ. ಎಡಗೈಯಲ್ಲಿ ಬರೆದದ್ದು.

ಭಾವ ಎಷ್ಟೋ ಹೊತ್ತು ಅದನ್ನೇ ನೋಡಿದರು. ಬೆರಳಿನಿಂದ ಮುಟ್ಟಿದರು. ಕಿವಿಯನ್ನು ಪೆಟ್ಟಿಗೆಯ ಹತ್ತಿರ ತಂದು ಹಿಡಿದದ್ದನ್ನೂ ನಾನು ಕಂಡಿದ್ದೇನೆ. ಅವರು ಒಪ್ಪುವುದಿಲ್ಲ, ತಲೆ ಕೆರೆದುಕೊಂಡೆ ಅಷ್ಟೇ ಎನ್ನುತ್ತಾರೆ. ಕೊನೆಗೆ ನನ್ನನ್ನು ಕರೆದು ಮೆಲ್ಲನೆ, “ಹಿಂದಿನ ಬಲಗಾಲು ಗಿಡ್ಡ ಮಾಡಿಬಿಟ್ಟಿದಾನೆ ಪಾಪ. ಎಡಗೈಗೆ ಆ ತಿರುವು ಕಷ್ಟ,” ಎಂದರು.

ಮರುದಿನ ನಮ್ಮ ಕಪ್ಪಿನ ಪೆಟ್ಟಿಗೆಗಳಿಗೆ ವಿಳಾಸ ಬರೆಯಲು ಕೂತರು. ಮಧ್ಯಾಹ್ನ ಮೇನೇಜರು ಅಳತೆಪಟ್ಟಿ ಹಿಡಿದು ಬಂದು ನೋಡಿದರೆ ಸೊಳ್ಳೆಯ ಹಿಂದಿನ ಬಲಗಾಲು ಗಿಡ್ಡ. ಎಲ್ಲಾ ಪೆಟ್ಟಿಗೆಯಲ್ಲೂ ಗಿಡ್ಡ, ಎಲ್ಲದರಲ್ಲೂ ಒಂದೇ ಸಮ ಗಿಡ್ಡ. ಮೇನೇಜರ ಮುಖದ ಬಣ್ಣ ಇಳಿಯಿತು.

“ಮತ್ತೆ ಇದು ಅವನ ಕೈಯಲ್ಲ ಅಂದ್ಬಿಟ್ರೆ?”

“ಅನ್ನಲ್ಲ ಸ್ವಾಮಿ. ಅವನಿಗೆ ಗೊತ್ತಾಗತ್ತೆ,” ಎಂದರು ಭಾವ. “ಅವನದು ಗಿಡ್ಡ, ನಂದು ಉದ್ದ ಅಂತ ಇದ್ರೆ ನಾಳೆ ಅವನ ಗೋದಾಮಲ್ಲೂ ಯಾರಾದ್ರೂ ನಗ್ತಾರೆ.”

ಮೇನೇಜರು ರಿಜಿಸ್ಟರು ತರಿಸಿದರು. ಆ ಅಕ್ಷರದ ಮುಂದೆ, ‘ಹಿಂದಿನ ಬಲಗಾಲು ಗಿಡ್ಡ’ ಎಂದು ತಮ್ಮ ಕೈಯಾರೆ ಬರೆದು ರುಜು ಹಾಕಿದರು. ಆ ಹಡಗಿನ ಪೆಟ್ಟಿಗೆಗಳನ್ನು ಅಲ್ಲಿ ಇಳಿಸಿದ ದಿನವೇ ಒಪ್ಪಿಕೊಂಡರಂತೆ.